ಸೂಜಿ ಕೊಡುವ ಸಾಲ

ಮೊಣಕೈಯ ಹೊರಬದಿಯಲ್ಲಿ ನೋವು, ತುಂಬಿದ ಪಾತ್ರೆ ಎತ್ತಿದರೆ ಚಳಕು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿ ಚುರ್ರೆನ್ನುತ್ತದೆ. ತೋಳೆತ್ತಿ ತಲೆ ಬಾಚಿಕೊಳ್ಳಲು ಭುಜ ಬಿಡುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಹೊತ್ತುಕೊಂಡು ಹೋದರೂ ನಮ್ಮ ಊರುಗಳಲ್ಲಿ ಸಿಗುವ ಉತ್ತರ ಒಂದೇ: "ಸ್ವಲ್ಪ ರೆಸ್ಟ್ ಕೊಡಿ, ಈ ಮಾತ್ರೆ ತಗೊಳ್ಳಿ, ಹದಿನೈದು ದಿನದಲ್ಲಿ ಹೋಗದಿದ್ದರೆ ಒಂದು ಇಂಜೆಕ್ಷನ್ ಹಾಕೋಣ." ವೈದ್ಯರು ಇದನ್ನೇ ಹೇಳುತ್ತಾರೆ, ಮೆಡಿಕಲ್ ಸ್ಟೋರಿನ ಹುಡುಗ ಇದನ್ನೇ ಹೇಳುತ್ತಾನೆ, ಪಕ್ಕದ ಮನೆಯವರೂ ಹೇಳುತ್ತಾರೆ. ಇಷ್ಟು ಜನ ಒಪ್ಪಿದ್ದು ಸುಳ್ಳಾಗಿರಲಾರದು ಅನ್ನಿಸುವುದು ಸಹಜ.

ಆದರೆ ಸುಳ್ಳು. ನೋವು ಶುರುವಾಗಿ ತಿಂಗಳುಗಳೇ ಕಳೆದ ಮೇಲೆ ಈ ಮೂರು ಮೆಟ್ಟಿಲಿನ ಚಿಕಿತ್ಸೆಯಲ್ಲಿ ಮೊದಲನೆಯದು ನಿಷ್ಪ್ರಯೋಜಕ, ಎರಡನೆಯದು ಅನವಶ್ಯಕ, ಮೂರನೆಯದು ಬಹಳ ಸಲ ಹಾನಿಕರ. ಇದು ಗೊತ್ತಾಗಿ ಎರಡು ದಶಕ ದಾಟಿದೆ. ಹೊಸ ಪೆಟ್ಟಿನ, ನಿನ್ನೆ ಮೊನ್ನೆ ಉಳುಕಿದ ಕಾಲಿನ ಮಾತು ಇದಲ್ಲ. ಆ ಮೊದಲ ಕೆಲವು ದಿನಗಳಿಗೆ ವಿಶ್ರಾಂತಿ ಸರಿಯೇ. ಹಳತಾಗಿ, ಹೋಗದೆ ಕೂತ ನೋವಿನ ಬಗ್ಗೆ ಮಾತ್ರ ಈ ತಕರಾರು.

‘ಟೆನಿಸ್ ಎಲ್ಬೋ’ ಎಂದ ಕೂಡಲೇ ನಮಗೆ ನೆನಪಾಗುವುದು ಸಚಿನ್ ತೆಂಡೂಲ್ಕರ್. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆಯಾದಾಗ ದೇಶಕ್ಕೆ ದೇಶವೇ ಅಂಗರಚನಾ ಪಾಠ ಕಲಿತಿತ್ತು. ಆದರೆ ಈ ನೋವಿನ ನಿಜವಾದ ಒಡತಿಯರು ಬೇರೆ ಕಡೆ ಇದ್ದಾರೆ. ಪೀಣ್ಯದ ಗಾರ್ಮೆಂಟ್ಸ್ ಸಾಲಿನಲ್ಲಿ ದಿನವಿಡೀ ಒಂದೇ ಹೊಲಿಗೆ ಹಾಕುವವರು, ಮಲೆನಾಡಿನ ಅಂಗಳಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು, ಕಲಬುರಗಿಯ ಕಡೆ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವವರು, ಮಂಡ್ಯದ ಅಡುಗೆಮನೆಯಲ್ಲಿ ಕೋಲು ಹಿಡಿದು ಮುದ್ದೆ ತೊಳಸುವವರು. ಈಚೆಗೆ ಕೀಬೋರ್ಡಿನವರೂ ಸೇರಿಕೊಂಡಿದ್ದಾರೆ. ಟೆನಿಸ್ ರ‍್ಯಾಕೆಟ್ಟನ್ನು ಜನ್ಮದಲ್ಲಿ ಮುಟ್ಟದ ಇವರಿಗೆಲ್ಲ ಆಟಗಾರರ ಕಾಯಿಲೆಯ ಹೆಸರು, ಕೂಲಿಕಾರರ ಚಿಕಿತ್ಸೆ.

ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಬಿಳಿಯ ಗಟ್ಟಿ ಪಟ್ಟಿಗೆ ಸ್ನಾಯುರಜ್ಜು ಎನ್ನುತ್ತಾರೆ. ಜನರ ಬಾಯಲ್ಲಿ ಅದೂ ‘ನರ’ವೇ. (ಹಿಮ್ಮಡಿ ನೋವಿನ ಮೂಲವಾದ ಅಂಗಾಲಿನ ಪಟ್ಟಿ ಕಟ್ಟುನಿಟ್ಟಾಗಿ ರಜ್ಜುವಲ್ಲ, ಆದರೆ ಅದೇ ಬಗೆಯ ಅಂಗಾಂಶ, ಅದೇ ಬಗೆಯ ನಡವಳಿಕೆ.) ಹಳೆಯ ನಂಬಿಕೆ ಏನೆಂದರೆ, ಹೆಚ್ಚು ಕೆಲಸದಿಂದ ರಜ್ಜುವಿನಲ್ಲಿ ಉರಿಯೂತವಾಗುತ್ತದೆ, ಉರಿಯೂತ ಇಳಿದರೆ ನೋವು ಹೋಗುತ್ತದೆ. ವಿಶ್ರಾಂತಿ, ಮಾತ್ರೆ, ಸ್ಟಿರಾಯ್ಡ್ ಇಂಜೆಕ್ಷನ್ ಮೂರೂ ಈ ಒಂದೇ ನಂಬಿಕೆಯ ಮೇಲೆ ನಿಂತಿವೆ.

ಆ ನಂಬಿಕೆಯ ಬುಡ ಅಲುಗಾಡಿದ್ದು ಸೂಕ್ಷ್ಮದರ್ಶಕದ ಕೆಳಗೆ. 1976ರಲ್ಲಿ ಇಟಲಿಯ ಪುದ್ದು ಮತ್ತವರ ಸಂಗಡಿಗರು ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ಬಗ್ಗೆ, 1979ರಲ್ಲಿ ಅಮೆರಿಕದ ರಾಬರ್ಟ್ ನಿರ್ಶಲ್ ಟೆನಿಸ್ ಎಲ್ಬೋ ಬಗ್ಗೆ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು. ಕತ್ತರಿಸಿ ತೆಗೆದ ರಜ್ಜುವಿನಲ್ಲಿ ಉರಿಯೂತದ ಕಣಗಳು ಕಾಣುವುದಿಲ್ಲ. ಕಾಣುವುದು ಅಸ್ತವ್ಯಸ್ತವಾದ ಕೊಲಾಜೆನ್ ನಾರುಗಳು, ಬೇಡದ ಜಾಗದಲ್ಲಿ ಹುಟ್ಟಿದ ಸಣ್ಣ ರಕ್ತನಾಳಗಳು, ಗಾಯ ಮಾಯಲು ಹೊರಟು ನಡುವೆ ಕೈಬಿಟ್ಟ ಲಕ್ಷಣಗಳು. 2002ರಲ್ಲಿ ಕರೀಂ ಖಾನ್, ಜಿಲ್ ಕುಕ್ ಮೊದಲಾದವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸಂಪಾದಕೀಯವನ್ನೇ ಬರೆದು, ರಜ್ಜುವಿನ ಉರಿಯೂತ ಎಂಬ ಕಟ್ಟುಕತೆಯನ್ನು ಬಿಡುವ ಹೊತ್ತು ಬಂದಿದೆ ಎಂದರು. ಆಮೇಲಿನ ವರ್ಷಗಳಲ್ಲಿ ಇನ್ನೂ ನಯವಾದ ಪರೀಕ್ಷೆಗಳಿಂದ ಅಲ್ಪಸ್ವಲ್ಪ ಉರಿಯೂತದ ಗುರುತುಗಳು ಸಿಕ್ಕಿವೆ ಎನ್ನುವುದೂ ನಿಜ; ಖಂಡಿತವಾದಿಗಳು ಇದನ್ನೇ ಹಿಡಿದು ಜಗ್ಗುತ್ತಾರೆ. ಜಗ್ಗಲಿ. ಹಳೆಯ ರಜ್ಜು ನೋವಿನ ಮುಖ್ಯ ಸಂಗತಿ ನಾರಿನ ಸವಕಳಿ ಮತ್ತು ಶಕ್ತಿಯ ಕೊರತೆ ಎಂಬುದು ಅದರಿಂದ ಬದಲಾಗುವುದಿಲ್ಲ. ಶಕ್ತಿ ಕಡಿಮೆಯಾದದ್ದಕ್ಕೆ ವಿಶ್ರಾಂತಿ ಬರೆದುಕೊಟ್ಟರೆ ಶಕ್ತಿ ಇನ್ನಷ್ಟು ಇಳಿಯುತ್ತದೆ. ವಾರಗಟ್ಟಲೆ ಹಾಸಿಗೆ ಹಿಡಿದವರ ರಜ್ಜುಗಳು ಬಿಗಿ ಕಳೆದುಕೊಳ್ಳುತ್ತವೆ, ಭಾರ ಹೊತ್ತವರ ರಜ್ಜುಗಳು ಬಿಗಿಯಾಗುತ್ತವೆ.

ರಜ್ಜು ಎಷ್ಟು ನಿಧಾನದ ಅಂಗಾಂಶ ಎನ್ನುವುದಕ್ಕೆ ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ವಿಚಿತ್ರವಾದ ಪುರಾವೆಯೊಂದನ್ನು ಕೊಟ್ಟರು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಏಕಾಏಕಿ ಏರಿ ಆಮೇಲೆ ಇಳಿಯಿತಷ್ಟೆ. ಆ ಇಂಗಾಲ ಮನುಷ್ಯರ ದೇಹದಲ್ಲೂ ಸೇರಿಕೊಂಡಿತು. ಅಕಿಲಿಸ್ ರಜ್ಜುವಿನ ಒಳತಿರುಳಿನಲ್ಲಿ ಆ ಇಂಗಾಲವನ್ನು ಅಳೆದಾಗ ತಿಳಿದದ್ದು: ತಿರುಳು ಸುಮಾರು 17ನೆಯ ವಯಸ್ಸಿಗೆ ಕಟ್ಟಿ ಮುಗಿಯುತ್ತದೆ, ಆಮೇಲೆ ಅದು ಹೆಚ್ಚುಕಡಿಮೆ ನವೀಕರಣಗೊಳ್ಳುವುದೇ ಇಲ್ಲ. ಅಂದರೆ ಐವತ್ತರ ಗೃಹಿಣಿ ನಡೆಯುವುದು ಹೈಸ್ಕೂಲಿನ ದಿನಗಳ ರಜ್ಜುವಿನ ಮೇಲೆ. ಇಂಥ ಅಂಗಾಂಶಕ್ಕೆ "ಹದಿನೈದು ದಿನ ರೆಸ್ಟ್" ಎಂದು ಬರೆದುಕೊಡುವುದರಲ್ಲಿ ಹಾಸ್ಯವಿದೆ. ಹದಿನೈದು ದಿನದಲ್ಲಿ ಅಲ್ಲಿ ಏನೂ ಆಗುವುದಿಲ್ಲ, ಮಾಂಸಖಂಡ ಸೊರಗುವುದೊಂದನ್ನು ಬಿಟ್ಟು.

ವಿಶ್ರಾಂತಿಯ ಪಕ್ಷದವರು ಇಲ್ಲಿ ಹೇಳಬಹುದು: "ನೋವಿರುವಾಗ ಕೆಲಸ ಮಾಡಿದರೆ ರಜ್ಜು ಹರಿದೀತು." ಈ ಭಯವನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. 2007ರಲ್ಲಿ ಸ್ವೀಡನ್ನಿನ ಕಾರಿನ್ ಸಿಲ್ಬರ್ನಾಗೆಲ್ ಮತ್ತವರ ತಂಡ ಅಕಿಲಿಸ್ ನೋವಿನ 38 ಮಂದಿಯನ್ನು ಎರಡು ಗುಂಪು ಮಾಡಿತು. ಎರಡಕ್ಕೂ ಒಂದೇ ವ್ಯಾಯಾಮ. ಒಂದು ಗುಂಪು ಮೊದಲ ಆರು ವಾರ ಓಟ ಜಿಗಿತ ಬಿಡಬೇಕು. ಇನ್ನೊಂದು ಗುಂಪು ನೋವನ್ನು ಅಳೆದುಕೊಳ್ಳುತ್ತಾ ಓಟ ಜಿಗಿತ ಮುಂದುವರಿಸಬಹುದು. ವರ್ಷದ ಕೊನೆಗೆ ಎರಡೂ ಗುಂಪಿನವರು ಸುಧಾರಿಸಿದ್ದರು, ಅಂತರವಿರಲಿಲ್ಲ. ವಿಶ್ರಾಂತಿ ಏನನ್ನೂ ಕೂಡಿಸಲಿಲ್ಲ. ಒಂದು ಸಣ್ಣ ಪ್ರಯೋಗ ಲೋಕವನ್ನು ಬದಲಿಸುವುದಿಲ್ಲ, ಒಪ್ಪೋಣ. ಆದರೆ ವಿಶ್ರಾಂತಿಯ ಪರವಾಗಿ ಇಷ್ಟೂ ಸಾಕ್ಷಿ ಇಲ್ಲವಲ್ಲ.

ವೈದ್ಯಕೀಯ ವಾದ ಒಂದು ಕಡೆ ಇರಲಿ, ಈ ವಿಶ್ರಾಂತಿಯ ಸಲಹೆಯಲ್ಲಿ ಒಂದು ಬಗೆಯ ನಿರ್ದಯತೆಯೂ ಇದೆ. ಅಡಿಕೆ ಸುಲಿತದ ಲೆಕ್ಕ ಸುಲಿದಷ್ಟಕ್ಕೆ, ಬೀಡಿಯ ಲೆಕ್ಕ ಕಟ್ಟಿದಷ್ಟಕ್ಕೆ. ಅವರಿಗೆ "ಕೈಗೆ ರೆಸ್ಟ್ ಕೊಡಮ್ಮ" ಎಂದರೆ "ಈ ತಿಂಗಳು ಉಣ್ಣಬೇಡಮ್ಮ" ಎಂದ ಹಾಗೆ. ಅವರು ತಲೆಯಾಡಿಸಿ ಹೊರಗೆ ಬರುತ್ತಾರೆ, ಮರುದಿನ ಅದೇ ಕೆಲಸಕ್ಕೆ ಕೂರುತ್ತಾರೆ. ನೋವು ಹೋಗದಿದ್ದಾಗ ತಪ್ಪು ಅವರದೇ: "ಹೇಳಿದ ಹಾಗೆ ಕೇಳಲಿಲ್ಲ ನೀವು." ಪಾಲಿಸಲಾಗದ ಸಲಹೆ ಕೊಟ್ಟು, ಪಾಲಿಸಲಿಲ್ಲವೆಂದು ಗದರುವ ಈ ಪದ್ಧತಿಗೆ ಚಿಕಿತ್ಸೆ ಎಂದು ಯಾಕಾದರೂ ಕರೆಯಬೇಕು?

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ಡೈಕ್ಲೋಫೆನಾಕ್ ಮತ್ತದರ ಬಳಗ ಒಂದೆರಡು ವಾರ ನೋವು ತಗ್ಗಿಸಬಲ್ಲವು, ರಜ್ಜುವನ್ನು ಸರಿಪಡಿಸಲಾರವು. ಸಕ್ಕರೆ ಕಾಯಿಲೆ, ಬಿಪಿ ಇರುವವರು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಇದೇ ಡೈಕ್ಲೋಫೆನಾಕನ್ನು ದನಗಳಿಗೆ ಕೊಟ್ಟು, ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಲುಸಾಲಾಗಿ ಸತ್ತವು. 2006ರಲ್ಲಿ ಸರ್ಕಾರ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹಕ್ಕಿಗಳಿಗಾಗಿ ಧಾಮವನ್ನೇ ಮಾಡಿದ್ದೇವೆ. ಮನುಷ್ಯರು ರಣಹದ್ದುಗಳಷ್ಟು ಸೂಕ್ಷ್ಮರಲ್ಲ, ನಿಜ. ಆದರೂ ಚೀಟಿಯಿಲ್ಲದೆ ಕೇಳಿದಷ್ಟು ಸಿಗುವ ಮಾತ್ರೆಗೆ ತೋರುವ ಈ ಸಲಿಗೆ ಅತಿಯಾಯಿತು.

ಇನ್ನು ಸೂಜಿ. ಇದರ ಕತೆ ಶುರುವಾಗುವುದು ನಿಜವಾದ ಪವಾಡವೊಂದರಿಂದ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರ ತಂಡ ರುಮಟಾಯ್ಡ್ ಸಂಧಿವಾತದಿಂದ ಹಾಸಿಗೆ ಹಿಡಿದ ಯುವತಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. 1951ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ಹೈಡ್ರೋಕಾರ್ಟಿಸೋನನ್ನು ನೇರವಾಗಿ ಕೀಲಿಗೇ ಚುಚ್ಚಿದ ವರದಿ ಪ್ರಕಟಿಸಿದರು. ರುಮಟಾಯ್ಡ್ ಸಂಧಿವಾತ ಉರಿಯೂತದ ಕಾಯಿಲೆಯೇ, ಅಲ್ಲಿ ಔಷಧ ತನ್ನ ಶತ್ರುವನ್ನೇ ಹೊಡೆಯಿತು. ಕೀಲಿನಿಂದ ಪಕ್ಕದ ರಜ್ಜುವಿಗೆ ಸೂಜಿ ಸರಿದದ್ದು ಮಾತ್ರ ಅಭ್ಯಾಸಬಲದಿಂದ. ನೋವು ಇಳಿಯಿತು, ವೈದ್ಯರಿಗೂ ರೋಗಿಗೂ ಸಂತೋಷವಾಯಿತು, ಆಮೇಲೆ ಏನಾಯಿತೆಂದು ಅರ್ಧ ಶತಮಾನ ಯಾರೂ ಸರಿಯಾಗಿ ಎಣಿಸಲಿಲ್ಲ.

ಎಣಿಸಿದಾಗ ಬಂದ ಫಲಿತಾಂಶ ಇದು. 2002ರಲ್ಲಿ ನೆದರ್‌ಲ್ಯಾಂಡ್ಸಿನ ನೈನ್ಕೆ ಸ್ಮಿಟ್ ಮತ್ತು ಸಂಗಡಿಗರು ಟೆನಿಸ್ ಎಲ್ಬೋ ಇದ್ದ 185 ಮಂದಿಯನ್ನು ಮೂರು ಗುಂಪಾಗಿ ಹಂಚಿದರು: ಸ್ಟಿರಾಯ್ಡ್ ಇಂಜೆಕ್ಷನ್, ಫಿಸಿಯೋಥೆರಪಿ, ಮತ್ತು ಏನೂ ಮಾಡದೆ ಕಾದು ನೋಡುವುದು. ಆರು ವಾರಕ್ಕೆ ಇಂಜೆಕ್ಷನ್ ಪಡೆದವರಲ್ಲಿ ಶೇ. 92 ಮಂದಿ ಗುಣ, ಫಿಸಿಯೋಥೆರಪಿಯಲ್ಲಿ ಶೇ. 47, ಕಾದವರಲ್ಲಿ ಶೇ. 32. ಪ್ರಯೋಗ ಅಲ್ಲಿಗೆ ನಿಂತಿದ್ದರೆ ಸೂಜಿಗೆ ಮೆರವಣಿಗೆ ಮಾಡಬಹುದಿತ್ತು. ಒಂದು ವರ್ಷಕ್ಕೆ ಅದೇ ಲೆಕ್ಕ ತಲೆಕೆಳಗು: ಫಿಸಿಯೋಥೆರಪಿ ಶೇ. 91, ಕಾದವರು ಶೇ. 83, ಇಂಜೆಕ್ಷನ್ ಶೇ. 69. ಏನೂ ಮಾಡದವರು ಚುಚ್ಚಿಸಿಕೊಂಡವರಿಗಿಂತ ಮುಂದೆ!

ಆ ಆರು ವಾರದ ಸುಖ ಕೈಗಡ ತಂದ ದುಡ್ಡು. ಬಡ್ಡಿ ವರ್ಷದೊಳಗೆ ವಸೂಲಾಗುತ್ತದೆ, ವಸೂಲಿಗೆ ಬಂದಾಗ ಸಾಲ ಕೊಟ್ಟವನ ನೆನಪು ಯಾರಿಗೂ ಇರುವುದಿಲ್ಲ. ಎಂಟು ತಿಂಗಳ ಮೇಲೆ ನೋವು ಮರಳಿದರೆ ರೋಗಿ ಹೇಳುವುದು "ಹೋದ ಸಲ ಇಂಜೆಕ್ಷನ್ನಿನಿಂದ ಎಷ್ಟು ಚೆನ್ನಾಗಿತ್ತು, ಇನ್ನೊಂದು ಹಾಕಿಬಿಡಿ ಡಾಕ್ಟ್ರೇ" ಎಂದು. ತಾನೇ ತಂದ ಸೋಲನ್ನು ತನ್ನ ಜಾಹೀರಾತಾಗಿ ಮಾಡಿಕೊಳ್ಳುವ ಚಿಕಿತ್ಸೆ ವೈದ್ಯಕೀಯದಲ್ಲಿ ಇದೊಂದೇ ಅಲ್ಲದಿದ್ದರೂ, ಇಷ್ಟು ಸಲೀಸಾಗಿ ಮಾಡಿಕೊಳ್ಳುವುದು ಅಪರೂಪ.

ಒಂದು ಪ್ರಯೋಗ ಸಾಲದು ಎನ್ನುವವರಿಗೆ 2013ರದು ಇದೆ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಬ್ರೂಕ್ ಕೂಂಬ್ಸ್, ಬಿಲ್ ವಿಸೆಂಜಿನೊ ಮೊದಲಾದವರು 165 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಸ್ಟಿರಾಯ್ಡ್, ಉಳಿದವರಿಗೆ ಹುಸಿ ಇಂಜೆಕ್ಷನ್ ಕೊಟ್ಟರು. ವರ್ಷದ ಕೊನೆಗೆ ಪೂರ್ತಿ ಗುಣವಾದವರು ಅಥವಾ ಬಹಳ ಸುಧಾರಿಸಿದವರು ಹುಸಿ ಗುಂಪಿನಲ್ಲಿ ಶೇ. 96, ಸ್ಟಿರಾಯ್ಡ್ ಗುಂಪಿನಲ್ಲಿ ಶೇ. 83. ನೋವು ಮರುಕಳಿಸಿದ್ದು ಹುಸಿ ಗುಂಪಿನಲ್ಲಿ ಶೇ. 12, ಸ್ಟಿರಾಯ್ಡ್ ಗುಂಪಿನಲ್ಲಿ ಶೇ. 54. ಈ ಕೊನೆಯ ಎರಡು ಅಂಕಿಗಳನ್ನು ದೊಡ್ಡಕ್ಷರದಲ್ಲಿ ಬರೆದು ಪ್ರತಿ ಮೂಳೆ ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕೆಂಬುದು ನನ್ನ ಆಸೆ.

ಕಾರಣವೇನೂ ನಿಗೂಢವಲ್ಲ. ಸ್ಟಿರಾಯ್ಡ್ ನೋವನ್ನು ತಣಿಸುತ್ತದೆ, ಜೊತೆಗೆ ಕೊಲಾಜೆನ್ ನೇಯುವ ಕಣಗಳ ಕೆಲಸವನ್ನೂ ತಡೆಯುತ್ತದೆ. ನೋವಿಲ್ಲದ ಕೈ ಹಳೆಯ ಕೆಲಸಕ್ಕೆ ಹಳೆಯ ವೇಗದಲ್ಲೇ ಮರಳುತ್ತದೆ, ಅಲ್ಲಿರುವ ರಜ್ಜು ಮಾತ್ರ ಮೊದಲಿಗಿಂತ ಬಡವಾಗಿರುತ್ತದೆ. ಚರ್ಮದ ಹತ್ತಿರ ಚುಚ್ಚಿದಾಗ ಇನ್ನೊಂದು ಫಜೀತಿ: ಆ ಜಾಗದ ಕೊಬ್ಬು ಕರಗಿ ಗುಳಿ ಬೀಳುತ್ತದೆ, ಬಣ್ಣ ಹೋಗಿ ಬಿಳಿ ಮಚ್ಚೆ ಮೂಡುತ್ತದೆ. ಬಿಳಿ ಚರ್ಮದವರ ದೇಶದಲ್ಲಿ ಇದು ಅಡಿಟಿಪ್ಪಣಿ. ನಮ್ಮ ಕಂದು ಮೊಣಕೈಯ ಮೇಲೆ ಎದ್ದು ಕಾಣುತ್ತದೆ, ತೊನ್ನೆಂದು ನೆಂಟರು ಪಿಸುಗುಟ್ಟುತ್ತಾರೆ, ಮದುವೆಗೆ ನಿಂತ ಹುಡುಗಿಯಾದರೆ ಕೇಳುವುದೇ ಬೇಡ. ಸಕ್ಕರೆ ಕಾಯಿಲೆಯವರಲ್ಲಿ ಈ ಸೂಜಿ ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸಿಬಿಡುತ್ತದೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೇಲೆ. ರಜ್ಜು ನೋವು ಅವರಲ್ಲೇ ಹೆಚ್ಚು. ಚುಚ್ಚುವ ಮುನ್ನ ಇದನ್ನೆಲ್ಲ ಹೇಳುವವರು ಎಷ್ಟು ಮಂದಿ?

ಸೂಜಿಯ ಪಕ್ಷದ ಗಟ್ಟಿ ವಾದವೊಂದಿದೆ, ಅದನ್ನು ತೇಲಿಸಿಬಿಡುವುದು ನ್ಯಾಯವಲ್ಲ. ಅವರು ಕೇಳುತ್ತಾರೆ: "ದಿನಗೂಲಿಯವರಿಗೆ ನೀವೇ ಕಣ್ಣೀರಿಟ್ಟಿರಿ. ಅವರಿಗೆ ಬೇಕಾದದ್ದು ನಾಳೆಯ ಕೂಲಿ, ಮುಂದಿನ ವರ್ಷದ ಶೇಕಡಾವಾರು ಅಲ್ಲ. ಆರು ವಾರ ನೋವಿಲ್ಲದೆ ದುಡಿಯುವಂತೆ ಮಾಡಿದರೆ ಅದು ಉಪಕಾರವಲ್ಲವೆ?" ಮೇಲ್ನೋಟಕ್ಕೆ ದಯೆಯ ಮಾತು. ಆದರೆ ಆರು ವಾರದ ಆಚೆಗೂ ಅವರು ದುಡಿಯಬೇಕು. ಮರುಕಳಿಸುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಮುಂಚೆಯೇ ತಿಳಿಸಿ, ಮಗಳ ಮದುವೆಯೋ ಸುಗ್ಗಿಯೋ ಎದುರಿಗಿದ್ದು, ರೋಗಿ ತಿಳಿದೇ ಒಪ್ಪಿದರೆ ನನ್ನ ಅಭ್ಯಂತರವಿಲ್ಲ. ನಮ್ಮಲ್ಲಿ ನಡೆಯುವುದು ಅದಲ್ಲ. ಸೂಜಿಯನ್ನು ಪರಿಹಾರ ಎಂದು ಕೊಡುತ್ತಾರೆ, ಅದೇ ಮುಗಿತಾಯ ಎಂಬಂತೆ ಕೊಡುತ್ತಾರೆ.

ಸೂಜಿ ಎಲ್ಲೆಲ್ಲೂ ದಂಡ ಎಂದೂ ನಾನು ಹೇಳುವುದಿಲ್ಲ. ಹೆಬ್ಬೆರಳ ಬುಡದಲ್ಲಿ, ಹೆಚ್ಚಾಗಿ ಬಾಣಂತಿಯರಿಗೆ, ಮಗುವನ್ನು ಎತ್ತುವಾಗ ಬರುವ ಡಿ ಕ್ವೆರ್ವೇನ್ ನೋವಿಗೆ ಸ್ಟಿರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಡಿಚಿದ ಬೆರಳು ಸಿಕ್ಕಿಕೊಳ್ಳುವ ಟ್ರಿಗರ್ ಫಿಂಗರ್‌ಗೂ ಸರಿ. ಅಲ್ಲೆಲ್ಲ ತೊಂದರೆ ರಜ್ಜು ಜಾರುವ ಕೊಳವೆ ಬಿಗಿಯಾದದ್ದು. ಭುಜ ಪೂರ್ತಿ ಬಿಗಿದುಕೊಂಡ ಫ್ರೋಜನ್ ಶೋಲ್ಡರ್‌ನಲ್ಲಿ ಮೊದಲ ಕೆಲವು ವಾರಗಳಿಗೆ ಉಪಯೋಗವಿದೆ. ಈ ಕಾಯಿಲೆಗಳಲ್ಲಿ ಸಿಕ್ಕ ಯಶಸ್ಸನ್ನು ತಂದು ಮೊಣಕೈಗೂ ಅಕಿಲಿಸ್‌ಗೂ ಹಚ್ಚುವುದು ತಪ್ಪು.

ಸ್ಟಿರಾಯ್ಡಿನ ಹೆಸರು ಕೆಟ್ಟ ಮೇಲೆ ನಗರಗಳಲ್ಲಿ ಇನ್ನೊಂದು ಸೂಜಿ ಬಂದಿದೆ, ಪಿಆರ್‌ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಕಿ ಹೊಡೆಸಿ, ಪ್ಲೇಟ್‌ಲೆಟ್ ದಟ್ಟವಾದ ಭಾಗವನ್ನು ನೋವಿನ ಜಾಗಕ್ಕೆ ಚುಚ್ಚುತ್ತಾರೆ. ನಮ್ಮದೇ ರಕ್ತ, ನಮ್ಮದೇ ಶಕ್ತಿ, ಸಹಜ ಚಿಕಿತ್ಸೆ: ಇದಕ್ಕಿಂತ ಚೆನ್ನಾಗಿ ಮಾರಾಟವಾಗುವ ಮಾತು ಯಾವುದಿದೆ? ಒಂದೊಂದು ಚುಚ್ಚಿಗೂ ಸಾವಿರಗಳಲ್ಲಿ ಬೆಲೆ. 2010ರಲ್ಲಿ ನೆದರ್‌ಲ್ಯಾಂಡ್ಸಿನ ಡಿ ವೋಸ್ ತಂಡ ಅಕಿಲಿಸ್ ನೋವಿನ 54 ಮಂದಿಗೆ ಪಿಆರ್‌ಪಿ ಅಥವಾ ಬರೀ ಉಪ್ಪುನೀರು ಚುಚ್ಚಿ ನೋಡಿತು, ಅಂತರವಿಲ್ಲ. 2021ರಲ್ಲಿ ಬ್ರಿಟನ್ನಿನ ರೆಬೆಕಾ ಕರ್ನಿ ತಂಡ 240 ಮಂದಿಯಲ್ಲಿ ಹುಸಿ ಇಂಜೆಕ್ಷನ್ನಿಗೆ ಹೋಲಿಸಿತು. ಆರು ತಿಂಗಳಿಗೆ ಅಂತರವಿಲ್ಲ. ಅದೇ ವರ್ಷ ಟೆನಿಸ್ ಎಲ್ಬೋ ಕುರಿತ ಕಾಕ್ರೇನ್ ಪರಾಮರ್ಶೆ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ಅದೇ ತೀರ್ಪು ಕೊಟ್ಟಿತು. ಸ್ಟಿರಾಯ್ಡಿನಷ್ಟು ಕೆಡುಕಿಲ್ಲ ಎನ್ನುವುದೊಂದೇ ಪಿಆರ್‌ಪಿಯ ಹೆಗ್ಗಳಿಕೆ. ಉಪ್ಪುನೀರಿಗೂ ಆ ಹೆಗ್ಗಳಿಕೆ ಇದೆ, ಅದು ಅಗ್ಗ.

ಸೂಜಿಗೂ ಮುಂಚೆ ಬರುವುದು ಸ್ಕ್ಯಾನಿಂಗ್ ಚೀಟಿ. "ಪಾರ್ಷಿಯಲ್ ಟೇರ್" ಎಂದು ವರದಿಯಲ್ಲಿ ಕಂಡರೆ ರೋಗಿ ಅರ್ಧ ಜೀವವಾಗುತ್ತಾನೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭುಜದ ನೋವೇ ಇಲ್ಲದ, 40ರಿಂದ 70 ವಯಸ್ಸಿನ 51 ಗಂಡಸರಿಗೆ ಅಲ್ಟ್ರಾಸೌಂಡ್ ಮಾಡಿದರು. ಶೇ. 96 ಮಂದಿಯಲ್ಲಿ ಏನಾದರೊಂದು ಐಬು ಸಿಕ್ಕಿತು. ನಲವತ್ತು ದಾಟಿದ ಭುಜದಲ್ಲಿ ಸ್ಕ್ಯಾನಿಗೆ ಏನೋ ಒಂದು ಕಾಣುವುದೇ ಸಾಮಾನ್ಯ; ಹಿಮ್ಮಡಿಯ ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳೂ ನೋವಿಲ್ಲದವರಲ್ಲಿ ಬೇಕಾದಷ್ಟು ಸಿಗುತ್ತದೆ. ಚಿತ್ರದಲ್ಲಿ ಕಂಡದ್ದಕ್ಕೆ ಚಿಕಿತ್ಸೆ ಕೊಡಲು ಹೊರಟರೆ ಊರಿಗೆ ಊರನ್ನೇ ಚುಚ್ಚಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಇಲ್ಲಿ ಸ್ವೀಡನ್ನಿನ ಉತ್ತರದ ಉಮೆಯೊ ನಗರದ ಕತೆ ಹೇಳದೆ ವಿಧಿಯಿಲ್ಲ. ಮೂಳೆ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೆ 1990ರ ದಶಕದ ನಡುವೆ ತಮ್ಮದೇ ಅಕಿಲಿಸ್ ನೋವು. ಶಸ್ತ್ರಚಿಕಿತ್ಸೆ ಮಾಡಿ ಎಂದು ತಮ್ಮ ಮುಖ್ಯಸ್ಥರನ್ನು ಕೇಳಿದರು. ವಾರಗಟ್ಟಲೆ ರಜೆ ಕೊಡಲಾಗದು ಎಂದು ಮುಖ್ಯಸ್ಥರು ನಿರಾಕರಿಸಿದರು. ಸರಿ, ಹರಿದೇ ಹೋದರೆ ಆಪರೇಷನ್ ಮಾಡಲೇಬೇಕಲ್ಲ ಎಂದು ಆಲ್ಫ್ರೆಡ್‌ಸನ್ ರಜ್ಜುವನ್ನು ಹರಿದುಕೊಳ್ಳಲು ಹೊರಟರು. ಮೆಟ್ಟಿಲಿನ ಅಂಚಿಗೆ ಮುಂಗಾಲಿನಲ್ಲಿ ನಿಂತು, ನೋವಿನ ಕಾಲಿನ ಹಿಮ್ಮಡಿಯನ್ನು ಭಾರ ಸಮೇತ ಕೆಳಗಿಳಿಸುವುದು. ಮತ್ತೆ ಮತ್ತೆ, ನೋವನ್ನು ಲೆಕ್ಕಿಸದೆ. ರಜ್ಜು ಹರಿಯಲಿಲ್ಲ, ನೋವು ಹೋಯಿತು.

1998ರಲ್ಲಿ ಅವರು ಅದನ್ನೇ 15 ಮಂದಿ ಹವ್ಯಾಸಿ ಓಟಗಾರರ ಮೇಲೆ ಪ್ರಯೋಗಿಸಿದ ವರದಿ ಪ್ರಕಟಿಸಿದರು. ಮಂಡಿ ನೇರವಾಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಬಾಗಿಸಿ ಮೂರು ಸುತ್ತು, ದಿನಕ್ಕೆರಡು ಹೊತ್ತು: ಒಟ್ಟು 180 ಸಲ, ವಾರದ ಏಳೂ ದಿನ, 12 ವಾರ. ನೋವಿಲ್ಲದಾದರೆ ಬೆನ್ನಚೀಲದಲ್ಲಿ ಭಾರ ಏರಿಸಬೇಕು. ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು 15 ಮಂದಿಗೆ ವಿಶ್ರಾಂತಿ, ಮಾತ್ರೆ ಮೊದಲಾದ ಮಾಮೂಲು ಚಿಕಿತ್ಸೆ. ಅವರೆಲ್ಲರಿಗೂ ಕೊನೆಗೆ ಶಸ್ತ್ರಚಿಕಿತ್ಸೆಯೇ ಗತಿಯಾಯಿತು.

ಪ್ರಯೋಗ ಚಿಕ್ಕದು, ಗುಂಪುಗಳ ವಿಂಗಡಣೆ ನಿಷ್ಪಕ್ಷಪಾತವಾಗಿರಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ, ಅದರಲ್ಲೂ ಆಟಗಾರರಲ್ಲದವರಲ್ಲಿ, ಫಲ ಇಷ್ಟು ಬೆರಗಿನದಾಗಿಲ್ಲ. ಕೆಳಗಿಳಿಸುವ ಚಲನೆಯಲ್ಲೇ ಮಂತ್ರವಿದೆ ಎಂಬುದೂ ಉಳಿದಿಲ್ಲ: 2015ರಲ್ಲಿ ಡೆನ್ಮಾರ್ಕಿನವರು ವಾರಕ್ಕೆ ಮೂರೇ ದಿನ ನಿಧಾನವಾಗಿ ಹೆಚ್ಚು ಭಾರ ಎತ್ತಿ ಇಳಿಸುವ ಕ್ರಮವೂ ಅಷ್ಟೇ ಫಲ ಕೊಡುತ್ತದೆಂದು ತೋರಿಸಿದರು. ಉಳಿದುಕೊಂಡ ತತ್ವ ಒಂದೇ, ರಜ್ಜುವಿಗೆ ಬೇಕಾದದ್ದು ಅಳೆದು ಏರಿಸಿದ ಭಾರ.

ಇನ್ನೊಂದು ಇರಿಯುವ ಪ್ರಶ್ನೆಯನ್ನು ನನ್ನ ಪಕ್ಷವೂ ಎದುರಿಸಬೇಕು. 2021ರಲ್ಲಿ ಬ್ರಿಟನ್ನಿನ ಗ್ರಾಸ್ಪ್ ಪ್ರಯೋಗ ಭುಜದ ರಜ್ಜು ನೋವಿನ 708 ಮಂದಿಯಲ್ಲಿ ನೋಡಿದ್ದು: ಆರು ಸಲದವರೆಗೆ ಫಿಸಿಯೋಥೆರಪಿಸ್ಟರನ್ನು ಕಂಡು ವ್ಯಾಯಾಮ ಕಲಿತವರು, ಒಂದೇ ಸಲ ಕಂಡು ಸಲಹೆ ಪಡೆದು ಮನೆಯಲ್ಲಿ ಮಾಡಿಕೊಂಡವರಿಗಿಂತ ವರ್ಷದ ಕೊನೆಗೆ ಹೆಚ್ಚೇನೂ ಗೆಲ್ಲಲಿಲ್ಲ. ಮೇಲೆ ಹೇಳಿದ ಬ್ರಿಸ್ಬೇನಿನ ಪ್ರಯೋಗದಲ್ಲೂ ವರ್ಷದ ಮೇಲೆ ಫಿಸಿಯೋಥೆರಪಿ ಕಂಡವರಿಗೂ ಕಾಣದವರಿಗೂ ಅಂತರ ಉಳಿಯಲಿಲ್ಲ. "ನೋಡಿ, ವ್ಯಾಯಾಮವೂ ಅಷ್ಟಕ್ಕಷ್ಟೆ" ಎಂದು ಸೂಜಿಯ ಪಕ್ಷ ಚಪ್ಪಾಳೆ ತಟ್ಟಬಹುದು. ನನಗೆ ಇದರಲ್ಲಿ ಕಾಣುವುದು ಬೇರೆ. ಒಂದು ಒಳ್ಳೆಯ ಭೇಟಿ, ಸರಿಯಾದ ವಿವರಣೆ, ಮನೆಯಲ್ಲಿ ಮಾಡುವ ನಾಲ್ಕು ವ್ಯಾಯಾಮ, ಕಾಲ: ಬಹುಪಾಲು ಜನಕ್ಕೆ ಇಷ್ಟೇ ಸಾಕೆಂದಾದರೆ ಬಡವರ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಹತ್ತು ದಿನದ ‘ಕರೆಂಟ್’ ಪ್ಯಾಕೇಜು, ಅಲ್ಟ್ರಾಸೌಂಡ್ ಮಸಾಜು, ಮೇಣದ ಶಾಖ ಎಂದು ದಿನವೂ ಬಸ್ಸು ಹತ್ತಿಸಿ ಕರೆಸುವ ಫಿಸಿಯೋಥೆರಪಿ ಕೇಂದ್ರಗಳಿಗೆ ಮಾತ್ರ ಕೆಟ್ಟ ಸುದ್ದಿ. ಅವರೂ ಈ ಲೇಖನದ ಆರೋಪಿಗಳೇ.

ಆ ಒಳ್ಳೆಯ ಭೇಟಿಯಲ್ಲಿ ಹೇಳಬೇಕಾದದ್ದು ಅಷ್ಟೇನೂ ಇಲ್ಲ. ಮೊಣಕೈಗೆ: ಮೇಜಿನ ಮೇಲೆ ಮುಂಗೈ ಚಾಚಿ, ಅಂಗೈ ಕೆಳಮುಖ ಮಾಡಿ, ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಎತ್ತಿ ಇಳಿಸುವುದು, ಸುಲಭವಾದಾಗ ಒಂದು ಲೀಟರು. ಹಿಮ್ಮಡಿಗೆ: ಕಾಲ್ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೆಟ್ಟಿಲಂಚಿನಲ್ಲಿ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ದಿನ ಬಿಟ್ಟು ದಿನ. ಡೆನ್ಮಾರ್ಕಿನ ಮಿಕೇಲ್ ರಾಥ್ಲೆಫ್ 48 ಮಂದಿಯಲ್ಲಿ ಪರೀಕ್ಷಿಸಿದಾಗ ಮೂರು ತಿಂಗಳಿಗೆ ಇದು ಬರೀ ಎಳೆತದ ವ್ಯಾಯಾಮಕ್ಕಿಂತ ಮೇಲಾಗಿತ್ತು, ವರ್ಷಕ್ಕೆ ಎರಡೂ ಸಮ. ನೋವು ಹತ್ತರಲ್ಲಿ ಐದರವರೆಗೆ ಇದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮೂರು ತಿಂಗಳು ಹಿಡಿಯುತ್ತದೆ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಮಾತ್ರೆಗಳನ್ನು ಜ್ವರಕ್ಕೋ ಮೂತ್ರದ ಸೋಂಕಿಗೋ ನುಂಗುತ್ತಿದ್ದರೆ ಕೂಡಲೇ ತಿಳಿಸಿ. ಅವು ಅಕಿಲಿಸ್ ರಜ್ಜುವನ್ನು ಹರಿಸಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಚೌಕಟ್ಟು ಹಾಕಿದ ಎಚ್ಚರಿಕೆ ಮುದ್ರಿಸಿಸಿದ್ದಾರೆ, ಸ್ಟಿರಾಯ್ಡಿನ ಜೊತೆ ಅಪಾಯ ಇನ್ನೂ ಹೆಚ್ಚು. ಟಪ್ಪೆಂದು ಸದ್ದಾಗಿ ಕಾಲೇ ಊರಲಾಗದಿದ್ದರೆ, ಪೆಟ್ಟು ಬಿದ್ದು ತೋಳೇ ಮೇಲೇಳದಿದ್ದರೆ ವ್ಯಾಯಾಮದ ಮಾತು ಬಿಟ್ಟು ಶಸ್ತ್ರವೈದ್ಯರ ಬಳಿ ಓಡಿ.

ಉಳಿದವರಿಗೆ ಶಸ್ತ್ರಚಿಕಿತ್ಸೆಯ ಆಸೆಯೂ ಹುಸಿಯೇ. ಮೊಣಕೈಯಲ್ಲಿ ಉರಿಯೂತವಿಲ್ಲವೆಂದು 1979ರಲ್ಲಿ ಬರೆದ ನಿರ್ಶಲ್ ಅವರೇ ಕೆಟ್ಟ ಅಂಗಾಂಶವನ್ನು ಕೆರೆದು ತೆಗೆಯುವ ಆಪರೇಷನ್ನನ್ನೂ ರೂಪಿಸಿದ್ದರು. 2018ರಲ್ಲಿ ಸಿಡ್ನಿಯ ಶಸ್ತ್ರವೈದ್ಯರು ಅದನ್ನು ಬರೀ ಚರ್ಮ ಕೊಯ್ದು ಹೊಲಿಯುವ ನಾಟಕಕ್ಕೆ ಹೋಲಿಸಿದರು. 26 ಮಂದಿಯ ಸಣ್ಣ ಪ್ರಯೋಗ, ಎರಡೂ ಗುಂಪು ಸಮ.

ಇಷ್ಟು ಗೊತ್ತಿದ್ದೂ ಹಳೆಯ ಪದ್ಧತಿ ಯಾಕೆ ಕದಲುವುದಿಲ್ಲ? ಮೂರು ನಿಮಿಷದಲ್ಲಿ ಸೂಜಿ ಹಾಕಬಹುದು, ವ್ಯಾಯಾಮ ಕಲಿಸಲು ಇಪ್ಪತ್ತು ನಿಮಿಷ ಬೇಕು. ಸೂಜಿಗೆ ಬಿಲ್ಲಿದೆ, ಮಾತಿಗಿಲ್ಲ. ಇಂಜೆಕ್ಷನ್ ಕೊಡದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪದ ನಮ್ಮ ಜನರ ಪಾಲೂ ಇದರಲ್ಲಿದೆ. ಅದಕ್ಕಿಂತ ದೊಡ್ಡದು ಕೆಲಸದ ಜಾಗದ ವ್ಯವಸ್ಥೆ. ಗಾರ್ಮೆಂಟ್ಸ್ ಕಾರ್ಮಿಕರಿಗೆ ಇಎಸ್‌ಐ ಇದೆ. ಕಾಯಿಲೆಯ ಭತ್ಯೆಯಾಗಿ ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಆದರೆ ಅದು ಕೆಲಸಕ್ಕೆ ಹೋಗದ ದಿನಗಳಿಗೆ ಕೊಡುವ ಹಣ, ಅಂದರೆ ಈ ರೋಗಕ್ಕೆ ಬೇಡವಾದ ವಿಶ್ರಾಂತಿಗೆ. ಬೇಕಾದದ್ದು "ಹನ್ನೆರಡು ವಾರ ಈ ಯಂತ್ರದ ಬದಲು ಇನ್ನೊಂದು ಯಂತ್ರಕ್ಕೆ ಕೂರಿಸಿ, ಟಾರ್ಗೆಟ್ ಇಳಿಸಿ, ಕೂಲಿ ಇಳಿಸಬೇಡಿ" ಎಂಬ ಚೀಟಿ. ವೈದ್ಯರು ಅದನ್ನು ಬರೆಯಬೇಕು, ಫ್ಲೋರ್ ಇನ್‌ಚಾರ್ಜ್ ಅದನ್ನು ಒಪ್ಪಬೇಕು. ಕೇಳಿದರೆ ಸಿಗುವುದಿಲ್ಲ ಎನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ: ಪಿಎಫ್ ಹಣ ಹಿಂಪಡೆಯುವುದಕ್ಕೆ ಕೇಂದ್ರ ಹಾಕಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದಾಗ ನಿಯಮವೇ ವಾಪಸಾಯಿತು. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಯೂನಿಯನ್ನುಗಳು ಮೊಣಕೈಗೂ ಒಂದು ಸಾಲು ಬರೆಯಲಿ.